ಪೀಣ್ಯದಲ್ಲಿ ಮುಳ್ಳು ಒಂದನ್ನು ಮುಟ್ಟುವುದಿಲ್ಲ

ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಿಂದ ಒಳರಸ್ತೆಗೆ ತಿರುಗಿದರೆ ಲೇತುಗಳ ಸದ್ದು, ಪೌಡರ್ ಕೋಟಿಂಗ್ ಒಲೆಗಳ ಕಾವು. ನಡುವೆ ಒಂದು ಶೆಡ್ಡಿನಿಂದ ಮಾತ್ರ ಸ್ಟೈರೀನಿನ ಸಿಹಿ ಘಾಟು ಬರುತ್ತದೆ. ಅದು ಫೈಬರ್ ಕೆಲಸದ ಶೆಡ್ಡು. ಒಳಗೆ ಬಸ್ಸಿನ ಮುಂಭಾಗದ ಫಲಕವೊಂದಕ್ಕೆ ಇನ್‌ಫ್ಯೂಷನ್ ತಯಾರಿ ನಡೆದಿದೆ. ಬ್ರಷ್ಷಿನಿಂದ ರೆಸಿನ್ ಬಳಿಯುವ ಹಳೆಯ ಪದ್ಧತಿ ಇದಲ್ಲ. ಅಚ್ಚಿನ ಮೇಲೆ ಗಾಜಿನ ನಾರಿನ ಒಣ ಬಟ್ಟೆ, ಅದರ ಮೇಲೆ ಪೀಲ್ ಪ್ಲೈ, ಬಲೆಯಂಥ ಮೆಶ್, ಎಲ್ಲವನ್ನೂ ಮುಚ್ಚಿದ ಪ್ಲಾಸ್ಟಿಕ್ ಹಾಳೆಯ ಬ್ಯಾಗು, ಅಂಚಿನ ಸುತ್ತ ಸೀಲೆಂಟ್ ಟೇಪು. ಒಳಗಿನ ಗಾಳಿಯನ್ನು ಪಂಪು ಎಳೆದು ಹಾಕಿದ ಮೇಲೆ ರೆಸಿನ್ ಪೈಪು ತೆರೆದರೆ, ಹೊರಗಿನ ಗಾಳಿಯ ಒತ್ತಡವೇ ಬಕೆಟ್ಟಿನ ರೆಸಿನ್ನನ್ನು ಬಟ್ಟೆಯೊಳಕ್ಕೆ ತಳ್ಳುತ್ತದೆ.

ಪಂಪು ಓಡುತ್ತಿದೆ. ಹೆಚ್ಚಿನ ರೆಸಿನ್ ಪಂಪಿಗೆ ಹೋಗದಂತೆ ಹಿಡಿಯುವ ಕ್ಯಾಚ್ ಪಾಟಿನ ಮುಚ್ಚಳದ ಮೇಲಿನ ಗೇಜನ್ನೇ ನೋಡುತ್ತಿರುವ ಹುಡುಗ ಮಂಗಳೂರು ಕಡೆಯವನು, ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು ಹೊಸದಾಗಿ ಬಂದಿದ್ದಾನೆ.

“ಸರ್, ಎಲ್ಲೋ ಲೀಕ್ ಉಂಟು. ಮುಳ್ಳು 0.9ರಲ್ಲೇ ನಿಂತಿದೆ. ನಮ್ಮಲ್ಲಿ ಒಂದರ ಹತ್ರ ಹೋಗ್ತಿತ್ತು.”

“ಲೀಕ್ ಇರಬಹುದು. ಆದ್ರೆ ಮುಳ್ಳು ಅಲ್ಲಿ ನಿಂತಿರೋದು ಲೀಕಿಂದಲ್ಲ ಕಣೋ. ಊರೇ ಎತ್ತರದಲ್ಲಿದೆ,” ಅಂದರು ಶೆಡ್ಡಿನ ಯಜಮಾನರು.

ಸಾಮಾನ್ಯ ಮುಳ್ಳಿನ ಗೇಜು ಒಳಗೆ ಎಷ್ಟು ಗಾಳಿ ಉಳಿದಿದೆ ಎಂದು ಹೇಳುವುದೇ ಇಲ್ಲ. ಹೊರಗಿನ ಒತ್ತಡಕ್ಕೂ ಒಳಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಸಮುದ್ರಮಟ್ಟದ ಮಂಗಳೂರಿನಲ್ಲಿ ಹೊರಗೆ ಸುಮಾರು 1013 ಮಿಲಿಬಾರ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 910ರ ಆಸುಪಾಸು. ಇಲ್ಲಿ ಪರಿಪೂರ್ಣ ನಿರ್ವಾತ ಸಾಧಿಸಿದರೂ ಮುಳ್ಳು 0.91 ಬಾರ್ ದಾಟಲಾರದು. ಇನ್ನೊಂದು ಮಗ್ಗುಲಿನಿಂದ ನೋಡಿ: 0.9 ಎಂಬ ಒಂದೇ ಅಂಕಿ ಪೀಣ್ಯದಲ್ಲಿ ಒಳಗೆ ಹತ್ತು ಮಿಲಿಬಾರ್ ಉಳಿದಿದೆ ಎಂದು ಹೇಳಿದರೆ, ಮಂಗಳೂರಿನಲ್ಲಿ 110ಕ್ಕೂ ಹೆಚ್ಚು ಉಳಿದಿದೆ ಎನ್ನುತ್ತದೆ. ಇಲ್ಲಿ ಅದು ಸೊಗಸಾದ ಕೆಲಸ, ಅಲ್ಲಿ ದೊಡ್ಡ ಸೋರಿಕೆ. ವಿದೇಶದ ಸೂಚನಾ ಹಾಳೆಗಳಲ್ಲಿ ‘0.95 ಬಾರ್ ಬರಬೇಕು’ ಎಂದಿದ್ದನ್ನು ನಂಬಿ ಚೆನ್ನಾಗಿದ್ದ ಪಂಪನ್ನೇ ಬದಲಿಸಿದವರು ಈ ಬಡಾವಣೆಯಲ್ಲೇ ಇದ್ದಾರಂತೆ. ನನಗೆ ಆಶ್ಚರ್ಯವಾಗಲಿಲ್ಲ, ಅಂಕಿಗೆ ಊರಿರುತ್ತದೆ ಎಂದು ಯಾವ ಹಾಳೆಯೂ ಬರೆಯುವುದಿಲ್ಲ.

ಅದಕ್ಕೇ ಇವರು ಎರಡನೆಯ ಗೇಜು ಇಟ್ಟಿದ್ದಾರೆ. ಡಿಜಿಟಲ್, ಅಬ್ಸಲ್ಯೂಟ್: ಸೊನ್ನೆಯಿಂದ ಮೇಲಕ್ಕೆ ಎಣಿಸುವಂಥದ್ದು, ಊರು ಯಾವುದಾದರೂ ಅದಕ್ಕೆ ಒಂದೇ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡೋನ್ ಪೇಟೆಂಟ್ ಪಡೆದ ಬಾಗಿದ ಕೊಳವೆಯೇ ಇಂದಿಗೂ ಮುಳ್ಳಿನ ಗೇಜುಗಳ ಹೊಟ್ಟೆಯಲ್ಲಿದೆ. ಗಟ್ಟಿಮುಟ್ಟು, ಅಗ್ಗ. ಆದರೆ 1.6 ದರ್ಜೆಯ, ಒಂದು ಬಾರ್ ಅಳೆಯುವ ಗೇಜಿಗೆ 16 ಮಿಲಿಬಾರ್ ಆಚೀಚೆ ಹೇಳುವ ಪರವಾನಗಿಯೇ ಇದೆ. ನಾವು ಹುಡುಕುವ ಸೋರಿಕೆ ಎಷ್ಟೋ ಸಲ ಅದಕ್ಕಿಂತ ಸಣ್ಣದು.

ಡಿಜಿಟಲ್ ಗೇಜು ಇರುವುದು ಪಂಪಿನ ಪಕ್ಕದಲ್ಲಲ್ಲ, ಬ್ಯಾಗಿನ ದೂರದ ಮೂಲೆಯಲ್ಲಿ. ಅದು 35 ಮಿಲಿಬಾರ್ ಎನ್ನುತ್ತಿದೆ. ಪಂಪಿನ ಹತ್ತಿರ ಎಲ್ಲವೂ ಚೆಂದ, ದೂರದಲ್ಲಿ ಗಾಳಿ. ಹುಡುಗ ಹೇಳಿದ ಕಾರಣ ತಪ್ಪು, ಅನುಮಾನ ಮಾತ್ರ ಸರಿ! ಶಕ್ತಿಯುಳ್ಳ ಪಂಪು, ತೂತಿನಿಂದ ಒಳಬಂದಷ್ಟನ್ನೂ ಎಳೆದು ಹಾಕುತ್ತ ಸೋರಿಕೆಯನ್ನು ಮುಚ್ಚಿಡುತ್ತದೆ.

ಹುಡುಕಾಟ ಪಂಪಿನಿಂದಲೇ ಶುರು. ಪೈಪು ಕಳಚಿ ಗೇಜನ್ನು ನೇರ ಪಂಪಿನ ಬಾಯಿಗೆ ಕೊಟ್ಟರು: ಕೂಡಲೇ ಇಳಿಯಿತು. ಇಳಿಯದಿದ್ದರೆ ಮೊದಲು ಆಯಿಲ್ ಗಾಜನ್ನು ನೋಡಬೇಕು. ನೀರಿನಂಶ ಸೇರಿದ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಕ್ಯಾಚ್ ಪಾಟು. ಅದರ ರಬ್ಬರ್ ರಿಂಗಿಗೆ ಒಣಗಿದ ರೆಸಿನ್ನಿನ ಒಂದು ಚೂರು ಮೆತ್ತಿಕೊಂಡಿದ್ದರೂ ಸಾಕು, ಇಡೀ ಬೆಳಗ್ಗೆ ಹಾಳು. ಅದೂ ಸರಿಯಿದೆ. ಉಳಿದದ್ದು ಬ್ಯಾಗು.

ಫ್ಯಾನು, ಕಂಪ್ರೆಸರು ಎಲ್ಲ ಬಂದ್. ಯಜಮಾನರು ಒಂದು ಮೊಳ ರಬ್ಬರ್ ನಳಿಗೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಟೇಪಿನ ಗುಂಟ ಸಾಗಿಸಿದರು, ಡಾಕ್ಟರು ಎದೆ ನೋಡಿದ ಹಾಗೆ. ಅಲ್ಟ್ರಾಸೋನಿಕ್ ಡಿಟೆಕ್ಟರ್ ಕಪಾಟಿನಲ್ಲಿದೆ; ಅವರಿಗೆ ನಳಿಗೆಯೇ ಇಷ್ಟ. ಹಾಳೆಯ ನೆರಿಗೆಗಳ ಬುಡದಲ್ಲಿ, ಪೈಪು ಹೊರಬರುವ ಕಡೆ ನಿಂತು ನಿಂತು ಕೇಳಿದರು. ನಾಲ್ಕನೆಯ ನೆರಿಗೆಯಲ್ಲಿ ಸಿಕ್ಕಿತು: ಟೇಪಿನ ಅಡಿಯಲ್ಲಿ ಅಡ್ಡ ಬಿದ್ದಿದ್ದ ಗಾಜಿನ ನಾರಿನ ಒಂದು ಎಳೆ. ಅದರ ಗುಂಟ ಗಾಳಿ ಒಳಗೆ ನುಸುಳುತ್ತಿತ್ತು. ಎಳೆ ಕಿತ್ತು, ಹೊಸ ಟೇಪು ಒತ್ತಿದರು. 35 ಇದ್ದದ್ದು 12ಕ್ಕೆ ಬಂತು.

ಈಗ ಡ್ರಾಪ್ ಟೆಸ್ಟ್. ಪಂಪಿನ ಕಡೆಯ ವಾಲ್ವ್ ಮುಚ್ಚಿ, ಏರಿಕೆಯನ್ನು ಕಾಯುವುದು. ಎಷ್ಟು ಏರಿತು ಎನ್ನುವುದಕ್ಕಿಂತ ಹೇಗೆ ಏರಿತು ಎನ್ನುವುದು ನನಗೆ ಹೆಚ್ಚು ಸ್ವಾರಸ್ಯವೆನಿಸಿತು. ತೂತಿದ್ದರೆ ಅಂಕಿ ನಿಮಿಷ ನಿಮಿಷಕ್ಕೂ ಒಂದೇ ಸಮ ಏರುತ್ತ ಹೋಗುತ್ತದೆ. ಬಟ್ಟೆಯಲ್ಲೋ ಒಳಗಿನ ಬಾಲ್ಸಾ ಮರದಲ್ಲೋ ತೇವವಿದ್ದರೆ ಮೊದಲು ಜಿಗಿದು ಆಮೇಲೆ ಮಂದವಾಗುತ್ತದೆ. ಅದಕ್ಕೆ ಟೇಪು ಒತ್ತುತ್ತ ಕೂರುವುದು ದಂಡ. ಪಂಪನ್ನು ಇನ್ನಷ್ಟು ಹೊತ್ತು ಓಡಿಸಿ ಒಣಗಿಸಬೇಕು. ಇಲ್ಲಿ ಕಾಲು ಗಂಟೆಯಲ್ಲಿ 12 ಇದ್ದದ್ದು 14 ಆಯಿತು. ಪಾಸ್.

ಒಂದು ಮಾತು ಬದಿಯಲ್ಲಿ. ನಮ್ಮ ಉಷ್ಣವಲಯದಲ್ಲಿ ವಾತಾವರಣದ ಒತ್ತಡಕ್ಕೂ ದಿನಕ್ಕೆರಡು ಭರತ, ಇಳಿತ. ಬೆಳಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಮೂರ್ನಾಲ್ಕು ಮಿಲಿಬಾರ್ ಇಳಿಯುತ್ತದೆ. ಹೊರಗಿನದರ ಜೊತೆ ಹೋಲಿಸಿ ಹೇಳುವ ಗೇಜನ್ನು, ಅದು ಡಿಜಿಟಲ್ಲೇ ಆಗಿರಲಿ, ಬೆಳಗ್ಗೆ ಓದಿ ಸಂಜೆ ಓದಿದರೆ ಎಲ್ಲೂ ಸೋರದ ಬ್ಯಾಗೂ ಸೋರಿದಂತೆ ಕಾಣುತ್ತದೆ.

ರೆಸಿನ್ ಬಿಡುವ ಮೊದಲು ಯಜಮಾನರು ವಾಲ್ವ್ ತಿರುಗಿಸಿ ಒತ್ತಡವನ್ನು 30ಕ್ಕೆ ಏರಿಸಿದರು. ಅಷ್ಟು ಕಷ್ಟಪಟ್ಟು ಇಳಿಸಿದ್ದನ್ನು? ಈ ರೆಸಿನ್ ವಿನೈಲ್ ಎಸ್ಟರ್. ಇದರಲ್ಲಿರುವ ಸ್ಟೈರೀನಿನ ಆವಿ ಒತ್ತಡ 20 ಡಿಗ್ರಿಯಲ್ಲಿ ಸುಮಾರು ಆರೇಳು ಮಿಲಿಬಾರ್, ಬಿಸಿಲೇರಿದರೆ ಇನ್ನೂ ಹೆಚ್ಚು. ಅದರ ಹತ್ತಿರಕ್ಕೆ ಇಳಿಸಿದರೆ ಸ್ಟೈರೀನ್ ಒಳಗೇ ಕುದಿದು ಗುಳ್ಳೆ ಏಳುತ್ತದೆ, ಸೋರಿಕೆಯ ಗುಳ್ಳೆ ಎಂದು ಮೋಸ ಮಾಡುತ್ತದೆ. ಸೋರಿಕೆಯ ಗುಳ್ಳೆಗಳು ಒಂದು ಬಿಂದುವಿನಿಂದ ಹೊರಟು ಬಿಳಿ ಗೀರಾಗಿ ಸಾಗುತ್ತವೆ. ಕುದಿದ ಗುಳ್ಳೆಗೆ ಅಂಥ ಮೂಲವಿಲ್ಲ.

ರೆಸಿನ್ ಅರ್ಧ ದಾರಿ ಬಂದಾಗ ಹುಡುಗ ಡಿಜಿಟಲ್ ಗೇಜನ್ನು ಬ್ಯಾಗಿನಿಂದ ಬಿಡಿಸಿ ಪಾಟಿನ ಕಡೆಗೆ ಜೋಡಿಸಿದ. ಗೇಜಿನ ನಳಿಗೆಗೆ ರೆಸಿನ್ ನುಗ್ಗಿ ಗಟ್ಟಿಯಾದರೆ ಅಂಕಿ ಕದಲದೆ ನಿಲ್ಲುತ್ತದೆ, ಅದನ್ನೇ ಒಳ್ಳೆಯ ಸುದ್ದಿ ಎಂದುಕೊಳ್ಳುವವರಿದ್ದಾರೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಪಂಪು ನಿಂತೊಡನೆ ಅದರ ಮೂಲಕವೇ ಗಾಳಿ ಹಿಂದಕ್ಕೆ ನುಗ್ಗಬಹುದು. ಹುಡುಗ ಒಂದೇ ನೆಗೆತಕ್ಕೆ ಪಾಟಿನ ವಾಲ್ವ್ ಮುಚ್ಚಿದ. ಜನರೇಟರ್ ಹಿಡಿದುಕೊಳ್ಳುವವರೆಗೂ ಬ್ಯಾಗು ತನ್ನಷ್ಟಕ್ಕೇ ನಿಲ್ಲಬೇಕು. ಡ್ರಾಪ್ ಟೆಸ್ಟಿನ ನಿಜವಾದ ಉಪಯೋಗ ಇದೇ. 30 ಇದ್ದದ್ದು 31 ಆಯಿತು. ಪಂಪು ಮತ್ತೆ ಓಡಿ ಅದರ ಕಡೆಯ ಪೈಪು ಖಾಲಿಯಾದ ಮೇಲೆಯೇ ಅವನು ವಾಲ್ವ್ ತೆರೆದ. ರೆಸಿನ್ ಅಂಚು ದೂರದ ಸ್ಪೈರಲ್ ಪೈಪಿನ ಕಡೆ ಹೊರಟಿತು.