ಜೆ-ಕೆ ಒತ್ತಿದರೆ ಎಸ್ಕೇಪ್ ಅಲ್ಲ

ಪುಣೆಯ ಹಿಂಜೆವಾಡಿಯ ಆಫೀಸಿನಲ್ಲಿ ರಾತ್ರಿ ಎರಡು ಗಂಟೆ. ಗ್ರಾಹಕರ ವೆಬ್ ಸರ್ವರ್‌ನ ಕಾನ್ಫಿಗ್ ಫೈಲಿನಲ್ಲಿ ಎರಡು ಸಾಲು ಬದಲಿಸಬೇಕಿತ್ತು, ಅಷ್ಟೇ. ವಿಮ್ ತೆರೆದೆ, ಬದಲಿಸಿದೆ, ಸೇವ್ ಮಾಡಿದೆ, ಟೆಸ್ಟ್ ಮಾಡದೆ ರೀಸ್ಟಾರ್ಟ್ ಕೊಟ್ಟೆ. ಸರ್ವರ್ ಮಲಗಿತು, ಮತ್ತೆ ಏಳಲಿಲ್ಲ. ಲಾಗ್ ಓದುವ ತಾಳ್ಮೆಯಿಲ್ಲದೆ ಇಪ್ಪತ್ತು ನಿಮಿಷ ನೆಟ್‌ವರ್ಕ್ ಬೈಯುತ್ತಾ ಕೂತೆ. ಕೊನೆಗೆ ಪಕ್ಕದಲ್ಲಿದ್ದ ಬೆಳಗಾವಿಯ ಹುಡುಗ ಪರದೆಗೆ ಬೆರಳಿಟ್ಟ: "ಸರ್, ಈ ಸಾಲಿನ ಕೊನೀಗೆ ಜೆ-ಕೆ ಅಂತ ಏನೋ ಬಿದ್ದೈತಿ ನೋಡ್ರಿ."

ಬೀಳಿಸಿದ್ದು ನಾನೇ.

ಬಳಸದವರಿಗಾಗಿ ಎರಡು ಮಾತು. ವಿಮ್ ಎನ್ನುವುದು ಟರ್ಮಿನಲ್ಲಿನ ಕಪ್ಪು ಪರದೆಯಲ್ಲೇ ಓಡುವ ಎಡಿಟರ್. ಬರೆಯುವಾಗ ಒಂದು ಮೋಡ್, ಅಪ್ಪಣೆ ಕೊಡುವಾಗ ಇನ್ನೊಂದು. ಬರೆಯುವುದನ್ನು ಮುಗಿಸಿ ಅಪ್ಪಣೆಯ ಮೋಡ್‌ಗೆ ಮರಳಲು ಎಸ್ಕೇಪ್ ಒತ್ತಬೇಕು. ದಿನಕ್ಕೆ ನೂರಾರು ಸಲ ಕಿರುಬೆರಳು ಕೀಬೋರ್ಡಿನ ಮೂಲೆಗೆ ಓಡಬೇಕು. ಇದರ ಹಿರಿಯ 'ವಿಐ'ಯನ್ನು ಬಿಲ್ ಜಾಯ್ 1976ರ ಸುಮಾರಿಗೆ ಬರ್ಕ್ಲಿಯಲ್ಲಿ ಬರೆದಾಗ ಅವರ ಮುಂದಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಎಸ್ಕೇಪ್ ಕೀ ಇದ್ದದ್ದು ಇವತ್ತಿನ ಟ್ಯಾಬ್ ಜಾಗದಲ್ಲಿ. ಕೀ ದೂರ ಹೋಯಿತು, ಅಭ್ಯಾಸ ಉಳಿಯಿತು. ಹಾಗಾಗಿ ನನ್ನಂಥ ಎಷ್ಟೋ ಜನ ವಿಮ್‌ಆರ್‌ಸಿ ಎಂಬ ಸೆಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇವೆ: ಜೆ ಮತ್ತು ಕೆ ಬೆನ್ನಿಗೆ ಬೆನ್ನು ಒತ್ತಿದರೆ ಅದೇ ಎಸ್ಕೇಪ್. ಆರು ವರ್ಷ ಅದು ನನ್ನ ಬೆರಳಿನಲ್ಲಿ ಕೂತಿತ್ತು. ಗ್ರಾಹಕರ ಸರ್ವರ್‌ಗೆ ಆ ಸಾಲು ಗೊತ್ತಿರಲಿಲ್ಲ. ಅಲ್ಲಿ ಜೆ ಅಂದರೆ ಜೆ, ಕೆ ಅಂದರೆ ಕೆ. ಎರಡನೇ ಸಾಲಿನ ಹೊತ್ತಿಗೆ ಗೊತ್ತಾಗಿ ಅಳಿಸಿದ್ದೆ. ಮೊದಲ ಸಾಲಿನದು ಉಳಿದುಹೋಗಿತ್ತು.

ಮಾರನೆಯ ಶನಿವಾರ ನನ್ನ ವಿಮ್‌ಆರ್‌ಸಿ ತೆರೆದೆ. ಮುನ್ನೂರು ಸಾಲು. ಅರ್ಧಕ್ಕರ್ಧ ಯಾರ್‍ಯಾರದೋ ಫೈಲಿನಿಂದ ಎತ್ತಿಕೊಂಡದ್ದು, ಏನು ಮಾಡುತ್ತದೆಂದು ನನಗೇ ಹೇಳಲು ಬಾರದು. ಹೆಸರಿನ ಮುಂದೆ 'ವರ್ಬೋಸ್' ಸೇರಿಸಿ ಮ್ಯಾಪ್ ಕೇಳಿದರೆ ಯಾವ ಶಾರ್ಟ್‌ಕಟ್ ಯಾವ ಫೈಲಿನಿಂದ ಬಂತು ಎಂದು ವಿಮ್ ತಾನೇ ಹೇಳುತ್ತದೆ. ಹಾಗೆ ಒಂದೊಂದಾಗಿ ವಿಚಾರಿಸಿ ಕಿತ್ತೆ. ಸಾಲಿನ ಸಂಖ್ಯೆ, ಹುಡುಕುವಾಗ ಅಕ್ಷರದ ಹಿರಿದು-ಕಿರಿದು ಲೆಕ್ಕಿಸದಿರುವುದು, ಟ್ಯಾಬ್ ಬದಲು ನಾಲ್ಕು ಸ್ಪೇಸ್, ಇಂಥ ಇಪ್ಪತ್ತೈದು ಸಾಲು ಉಳಿಯಿತು. ಇವು ಬೇರೆ ಯಂತ್ರದಲ್ಲಿ ಇಲ್ಲದಿದ್ದರೆ ಕಿರಿಕಿರಿಯಾಗುತ್ತದೆ, ಅನಾಹುತ ಆಗುವುದಿಲ್ಲ.

ಜೆ-ಕೆ ಹೋಯಿತು. ಅದರ ಕೆಲಸವನ್ನು ಈಗ ಕ್ಯಾಪ್ಸ್ ಲಾಕ್ ಮಾಡುತ್ತದೆ. ವ್ಯತ್ಯಾಸ ಏನೆಂದರೆ, ಈ ಬದಲಾವಣೆ ವಿಮ್ ಒಳಗಿಲ್ಲ, ನನ್ನ ಲ್ಯಾಪ್‌ಟಾಪಿನ ಕೀಬೋರ್ಡ್ ಸೆಟಿಂಗ್ಸ್‌ನಲ್ಲಿದೆ. ಮ್ಯಾಕ್‌ನಲ್ಲಿ ಅಲ್ಲೇ ಆಯ್ಕೆಯಿದೆ, ವಿಂಡೋಸ್‌ಗೆ ಪವರ್‌ಟಾಯ್ಸ್ ಹಾಕಿಕೊಳ್ಳಬೇಕು. ಎಸ್‌ಎಸ್‌ಎಚ್ ಮೂಲಕ ಯಾವ ಸರ್ವರ್‌ಗೆ ಹೋದರೂ ಅಲ್ಲಿಗೆ ತಲುಪುವುದು ನಿಜವಾದ ಎಸ್ಕೇಪ್. ಕೈಗೆ ಅಂಟಿದ ಅಭ್ಯಾಸವನ್ನು ಕೀಬೋರ್ಡ್‌ನಲ್ಲೇ ಇಟ್ಟರೆ ಅದು ಜೊತೆಗೆ ಬರುತ್ತದೆ, ಎಡಿಟರ್‌ನಲ್ಲಿ ಇಟ್ಟರೆ ಮನೆಯಲ್ಲೇ ಉಳಿಯುತ್ತದೆ. ಇಷ್ಟು ತಿಳಿಯಲು ನನಗೆ ಒಂದು ಸರ್ವರ್ ಬೇಕಾಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ಯಾನ್ ನಂಬರ್ ತುಂಬಲು ಕೂತ ಹೆಂಡತಿ ಮಾತ್ರ, "ಕ್ಯಾಪ್ಸ್ ಲಾಕ್ ಎಲ್ಲಿ ಹಾಳಾಗಿ ಹೋಯ್ತು ರೀ?" ಅಂದಳು.

ಕನ್ನಡದ ವಿಷಯದಲ್ಲಿ ಈ ಲೆಕ್ಕ ತಿರುಗಾಮುರುಗಾ. ಲ್ಯಾಪ್‌ಟಾಪ್‌ನ ಮಟ್ಟದಲ್ಲಿ ಕನ್ನಡ ಕೀಬೋರ್ಡ್ ಹಾಕಿದರೆ ಅಪ್ಪಣೆಯ ಮೋಡ್ ಕೆಡುತ್ತದೆ: ಸಾಲು ಅಳಿಸಲು ಡಿ-ಡಿ ಒತ್ತಿದರೆ ವಿಮ್‌ಗೆ ತಲುಪುವುದು 'ದದ'. ಇದನ್ನು ಎಡಿಟರ್ ಒಳಗೇ ಇಡಬೇಕು. ವಿಮ್‌ನಲ್ಲಿ 'ಕೀಮ್ಯಾಪ್' ಎಂಬ ಸೌಕರ್ಯವಿದೆ; ಬರೆಯುವ ಮೋಡ್‌ಗೆ ಅನ್ವಯಿಸುತ್ತದೆ, ಡಿ-ಡಿಯಂಥ ಅಪ್ಪಣೆಗಳಿಗಲ್ಲ; ಕಂಟ್ರೋಲ್-ಶಿಫ್ಟ್-6 ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ನನಗೆ ರೂಢಿಯಿದ್ದದ್ದು ಕೆ.ಪಿ. ರಾವ್ ಅವರ ವಿನ್ಯಾಸ, ಎಫ್ ಒತ್ತಿದರೆ ಒತ್ತಕ್ಷರ ಕೂಡುವ ಅದೇ ಕೀಲಿಮಣೆ. ಅದರಲ್ಲಿ ಶಿಫ್ಟ್-ಎ ಪದದ ಮೊದಲಲ್ಲಿ ಸ್ವರ, ವ್ಯಂಜನದ ಬೆನ್ನಿಗೆ ಬಂದರೆ ಗುಣಿತ. ಆದ್ದರಿಂದ 34 ವ್ಯಂಜನಕ್ಕೂ 12 ಗುಣಿತ ಚಿಹ್ನೆಗೂ ಜೋಡಿ ಬರೆಯಬೇಕು, 408 ಸಾಲು. ಕೈಯಲ್ಲಿ ಬರೆಯಲಿಲ್ಲ, ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಹೊರಡಿಸಿದೆ. ಮುನ್ನೂರು ಸಾಲು ಭಾರವೆಂದು ಕಿತ್ತವನು ನಾನೇ.

ಮೊದಲ ದಿನ 'ಕಾಗದ' ಬದಲು 'ಕಆಗದ' ಬಂತು. ಎರಡನೇ ಕೀಗಾಗಿ ವಿಮ್ ಕಾಯುವುದು ಒಂದೇ ಸೆಕೆಂಡು; ನಾನು ಯೋಚಿಸುತ್ತಾ ನಿಂತಿದ್ದೆ. 'ಟೈಮ್‌ಔಟ್‌ಲೆನ್' ಬೆಲೆಯನ್ನು 3000ಕ್ಕೆ ಏರಿಸಿದ ಮೇಲೆ ಸರಿಹೋಯಿತು. ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಇನ್ನೂ ಬಿಡಿಬಿಡಿಯಾಗಿ ಕಾಣುತ್ತವೆ, ಅದು ವಿಮ್‌ನ ಕೈಯಲ್ಲಿಲ್ಲ. ಈ ಲೇಖನವನ್ನೂ ಹಾಗೇ ಬರೆದು, ಕೊನೆಗೆ ಬ್ರೌಸರ್‌ನಲ್ಲಿ ತೆರೆದು ಓದಿಕೊಂಡೆ. ಎರಡು ಕಡೆ ಜೆ-ಕೆ ಸಿಕ್ಕಿತು, ಕನ್ನಡದಲ್ಲಿ: 'ಜಕ'.