ಉರಿಯಿಲ್ಲದೆ ಕಾಯುವ ನೀರು: ಇರ್ದೆಯ ಬೆಂದ್ರ್ ತೀರ್ಥ

ಭಟ್ಕಳದ ಮುಟ್ಟಳ್ಳಿ ಕಡೆಯವರಾದ ನಮಗೆ ಬಿಸಿನೀರಿನ ಸ್ನಾನವೆಂದರೆ ಬಚ್ಚಲ ಹಂಡೆ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಕಂಠಕ್ಕೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ನೀರು ತುಂಬಿಡುತ್ತೇವೆ. ಬೆಳಗಿನ ಜಾವ ಒಲೆಗೆ ತೆಂಗಿನ ಸೋಗೆ, ಸಿಪ್ಪೆ ತುರುಕಿದರೆ ಆಯಿತು. ಒಲೆಯೇ ಇಲ್ಲದೆ ಕಾಯುವ ನೀರನ್ನು ನೋಡಬೇಕಾದರೆ ಕರಾವಳಿಯ ಹೆದ್ದಾರಿಯಲ್ಲಿ ಮಂಗಳೂರಿಗೆ ಹೋಗಿ, ಅಲ್ಲಿಂದ ಪುತ್ತೂರು ದಾಟಿ, ಇರ್ದೆ ಗ್ರಾಮಕ್ಕೆ ಹೋಗಬೇಕು. ಅಲ್ಲಿ ಸೀರೆ ಹೊಳೆಯ ದಂಡೆಯಲ್ಲಿದೆ ಬೆಂದ್ರ್ ತೀರ್ಥ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು.

ಕಲ್ಲು ಕಟ್ಟಿದ ಸಣ್ಣ ಕೊಳ, ಇಳಿಯಲು ಮೆಟ್ಟಿಲು. ಹತ್ತಿರ ಹೋದಂತೆ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಮೊದಲು ಹೊಳೆಗಿಳಿದು ಕೈ ಅದ್ದಿ, ತಣ್ಣಗೆ ಕೊರೆಯುತ್ತದೆ. ನಾಲ್ಕು ಹೆಜ್ಜೆ ಈಚೆ ಬಂದು ಅದೇ ಕೈಯನ್ನು ಕೊಳಕ್ಕೆ ಇಳಿಬಿಡಿ. ಹಸುಗೂಸನ್ನು ಮೀಯಿಸಲು ಅಜ್ಜಿ ಮೊಣಕೈ ಅದ್ದಿ ಹದ ನೋಡಿಟ್ಟ ನೀರಿನಂತಿರುತ್ತದೆ. ಕುದಿಯುವ ನೀರನ್ನು ಊಹಿಸಿಕೊಂಡು ಬಂದವರಿಗೆ ಇದು ಸಾಲದೆನಿಸಬಹುದು. ಬಿಸಿ ಹೆಚ್ಚುಕಡಿಮೆ ನಮ್ಮ ಮೈಬಿಸಿಯಷ್ಟೇ, 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ನನಗಂತೂ ಈ ಹದವೇ ಇದರ ಹೆಚ್ಚುಗಾರಿಕೆ. ಮೈ ಸುಡದೆ, ಚಳಿಯೂ ಆಗದೆ ಕೂತಷ್ಟು ಹೊತ್ತು ಕೂರಬಹುದು.

ಈ ನೀರನ್ನು ಕಾಯಿಸಲು ಇಲ್ಲಿ ಜ್ವಾಲಾಮುಖಿಯೇನೂ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿಯುತ್ತದೆ. ನೆಲದೊಳಗೆ ಒಂದು ಕಿಲೋಮೀಟರ್ ಇಳಿದರೆ ಸುಮಾರು 25ರಿಂದ 30 ಡಿಗ್ರಿಯಷ್ಟು ಕಾವು ಏರುತ್ತದೆ. ಹಾಗೆ ಬಿಸಿಯಾದ ನೀರು ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ದಾರಿಯಲ್ಲಿ ಕಲ್ಲಿನ ಖನಿಜವನ್ನೂ ಕರಗಿಸಿಕೊಂಡು ಬರುತ್ತದೆ. ಮಹಾರಾಷ್ಟ್ರದ ಕೊಂಕಣ ಸೀಮೆಯಲ್ಲಿ ವಜ್ರೇಶ್ವರಿ, ಗಣೇಶಪುರಿ, ರಾಜಾಪುರದ ಉನ್ಹಾಳೆ ಎಂದು ಇಂಥ ಬುಗ್ಗೆಗಳ ಸಾಲೇ ಇದೆ. ನಮ್ಮ ಕರಾವಳಿಯಲ್ಲಿ ಹೆಸರಾದದ್ದು ಇದೊಂದೇ.

ನೆಲದಿಂದ ಬಿಸಿನೀರು ಉಕ್ಕುವ ಇನ್ನೊಂದು ನಾಡು ದೂರದ ಐಸ್‌ಲ್ಯಾಂಡ್. ಅಲ್ಲಿನ ಲಾಯ್ಗರ್ವಾತ್ನ್ ಎಂಬಲ್ಲಿ ಸರೋವರದ ದಡದಲ್ಲೇ ಬಿಸಿನೀರಿನ ಸ್ನಾನಗೃಹವಿದೆ. ಅಲ್ಲಿಯ ಬಿಸಿ ಮರಳಿನಲ್ಲಿ ಪಾತ್ರೆ ಹೂತು ರೊಟ್ಟಿ ಬೇಯಿಸುತ್ತಾರೆ. ಕ್ರಿ.ಶ. 1000ದಲ್ಲಿ ಆ ನಾಡಿನವರು ಕ್ರೈಸ್ತ ಮತಕ್ಕೆ ಸೇರಿದಾಗ, ತಣ್ಣೀರಿನಲ್ಲಿ ಮುಳುಗಲೊಲ್ಲದ ಅನೇಕರು ದೀಕ್ಷಾಸ್ನಾನ ಮಾಡಿದ್ದು ಅಲ್ಲಿಯ ಬಿಸಿ ಕೊಳದಲ್ಲಿ. ನೆಲದಿಂದ ಬಿಸಿನೀರು ಉಕ್ಕಿದರೆ ಅದನ್ನು ಪವಿತ್ರವೆಂದುಕೊಳ್ಳುವುದು ಇರ್ದೆಯಲ್ಲೂ ಹಾಗೆಯೇ, ಅಲ್ಲೂ ಹಾಗೆಯೇ. ಐಸ್‌ಲ್ಯಾಂಡಿನವರು ತಮ್ಮ ಸ್ನಾನಗೃಹವನ್ನು ಟಿಕೆಟ್ ಇಟ್ಟು ಚೊಕ್ಕಟವಾಗಿ ನಡೆಸುತ್ತಿದ್ದಾರೆ. ಇರ್ದೆಗೆ ಅಂಥ ದೊಡ್ಡ ಕಟ್ಟಡವೇನೂ ಬೇಕಿಲ್ಲ. ಬಟ್ಟೆ ಬದಲಿಸಲು ಮರ್ಯಾದೆಯ ಜಾಗ, ಜಾರದ ಮೆಟ್ಟಿಲು, ಕಸದ ಬುಟ್ಟಿ ಇಷ್ಟಿದ್ದರೆ ಸಾಕು. ಸುತ್ತಮುತ್ತ ಕೊಳವೆಬಾವಿ ಕೊರೆಯುವ ಮುಂಚೆ ಮಾತ್ರ ಯೋಚಿಸಬೇಕು. ನೀರು ಮೇಲೇರುವ ಬಿರುಕಿಗೆ ಪೆಟ್ಟು ಬಿದ್ದರೆ ಅದನ್ನು ಸರಿಪಡಿಸುವ ಮೇಸ್ತ್ರಿ ಯಾರೂ ಇಲ್ಲ.

ಈ ನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ ಇದೆ. ನಂಬಿ ಮೀಯಿರಿ, ವೈದ್ಯರು ಕೊಟ್ಟ ಔಷಧಿಯನ್ನು ಮಾತ್ರ ಬಿಡಬೇಡಿ. ಹೊಳೆ ತುಂಬಿ ಹರಿಯುವ ಮಳೆಗಾಲದಲ್ಲಿ ಹೋಗಬೇಡಿ. ಚಳಿಗಾಲದ ಮುಂಜಾನೆ ಒಳ್ಳೆಯದು. ಹೋಗುವಾಗ ಸಾಬೂನು, ಶಾಂಪೂ ಮನೆಯಲ್ಲೇ ಬಿಟ್ಟು ಹೋಗಿ. ನಿಮ್ಮ ನಂತರ ಆ ಕೊಳಕ್ಕಿಳಿಯುವವರೂ ಮೀಯಲೆಂದೇ ಬಂದವರು.