ನೂರಕ್ಕೆ ಎಷ್ಟು ಮಾಸ್ತರರು ಅರ್ಹರು?

ರೋಹಿಣಿ ಮಳೆ ಬಿದ್ದು ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹೆಸರು ಬಿತ್ತನೆ ಶುರುವಾಗುವ ಹೊತ್ತಿಗೆ ಊರ ಸಾಲಿಯ ಬಾಗಿಲೂ ತೆರೆಯುತ್ತದೆ. ಮಗನ ಕೈ ಹಿಡಿದು ಬಂದ ರೈತ ಮುಖ್ಯಾಧ್ಯಾಪಕರನ್ನು ಕೇಳುವುದು ಒಂದೇ ಮಾತು: "ಈ ವರ್ಷ ಗಣಿತಕ್ಕ ಯಾರ್ ಬಂದಾರ್ರೀ ಸರ್?" ಬೆಂಗಳೂರು, ದಿಲ್ಲಿಗಳಲ್ಲಿ ಕುಳಿತವರು ಕೇಳುವ ಪ್ರಶ್ನೆ ಬೇರೆ: "ಶೇಕಡಾ ಎಷ್ಟು ಶಿಕ್ಷಕರು ಅರ್ಹತೆ ಪಡೆದವರು?" ಎರಡೂ ಮಾಸ್ತರರ ಬಗೆಗಿನ ಪ್ರಶ್ನೆಗಳೇ. ಆದರೆ ಎರಡನೆಯದಕ್ಕೆ ಸಿಕ್ಕ ಉತ್ತರ ಎಷ್ಟೇ ಚೆನ್ನಾಗಿದ್ದರೂ ಮೊದಲನೆಯದು ಹಾಗೆಯೇ ಉಳಿದುಬಿಡಬಹುದು. ಅದು ಹೇಗೆಂದು ತಿಳಿಯಲು ಆ ಶೇಕಡಾವಾರು ಅಂಕಿ ಹುಟ್ಟುವ ಬಗೆಯನ್ನು ನೋಡಬೇಕು.

ಮೊದಲನೆಯದಾಗಿ, ಅರ್ಹರು ಎಂದರೆ ಯಾರು? ಧಾರವಾಡ ಮಾಸ್ತರರನ್ನು ತಯಾರು ಮಾಡುವುದಕ್ಕೆ ಹಳೆಯ ಕಾಲದಿಂದ ಹೆಸರಾದ ಊರು. ಡೆಪ್ಯುಟಿ ಚೆನ್ನಬಸಪ್ಪನವರಂಥವರು 19ನೆಯ ಶತಮಾನದಲ್ಲಿಯೇ ಕನ್ನಡ ಶಾಲೆಗಳಿಗಾಗಿ ದುಡಿದರು. ಮುಂಬಯಿ ಆಡಳಿತದ ದಿನಗಳಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು ಕನ್ನಡ ಸಾಲಿಯ ಮಾಸ್ತರರಾಗುತ್ತಿದ್ದರು. ಟ್ರೇನಿಂಗ್ ಆದವರಿಗೆ ಮಾನ ಹೆಚ್ಚು. ಹತ್ತಿರದ ಕುಂದಗೋಳವಂತೂ 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಅಲ್ಲಿಯ ಆಡಳಿತವೇ ಬೇರೆ. ಏಕೀಕರಣವಾದ ಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿ ಟಿ.ಸಿ.ಎಚ್. ಮಾಡಿದವರ ಕಾಲ ಬಂತು. ಅದೇ ಮುಂದೆ ಡಿ.ಎಡ್. ಎನಿಸಿತು, ಈಗ ಡಿ.ಎಲ್.ಎಡ್. ಮುಲ್ಕಿ ಮಾಸ್ತರರನ್ನು ಇಂದಿನ ನಿಯಮಕ್ಕೆ ಹಚ್ಚಿದರೆ ಒಬ್ಬರೂ ಅರ್ಹರಲ್ಲ. ಹಾಗೆಂದು ಅವರ ಕೈಯಲ್ಲಿ ಮಗ್ಗಿ ಕಲಿತ ಅಜ್ಜಂದಿರ ಮುಂದೆ ಯಾರಾದರೂ ಆಡಿ ನೋಡಲಿ!

ಇಂದಿನ ಅಳತೆಗೋಲನ್ನು ಕೊಟ್ಟದ್ದು ಶಿಕ್ಷಣ ಹಕ್ಕು ಕಾಯ್ದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಯಾದ ಈ ಕಾಯ್ದೆಯಂತೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಕನಿಷ್ಠ ಅರ್ಹತೆಗಳನ್ನು ಗೊತ್ತುಪಡಿಸಿತು. ಒಂದರಿಂದ ಐದನೆಯ ತರಗತಿಗೆ ಕಲಿಸಲು ಪಿಯುಸಿ ಮತ್ತು ಎರಡು ವರ್ಷದ ಡಿಪ್ಲೊಮಾ. ಆರರಿಂದ ಎಂಟಕ್ಕೆ ಮುಖ್ಯವಾಗಿ ಪದವಿ ಮತ್ತು ಡಿಪ್ಲೊಮಾ ಅಥವಾ ಬಿ.ಎಡ್. ಇವುಗಳ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ. ಇಲ್ಲಿ ಎರಡು ಸಂಗತಿಗಳು ಬೆರೆತಿವೆ. ಮಾಸ್ತರರು ತಾವು ಎಷ್ಟು ಓದಿದ್ದಾರೆ ಎಂಬುದು ಒಂದು, ಕಲಿಸುವುದನ್ನು ಕಲಿತಿದ್ದಾರೆಯೇ ಎಂಬುದು ಇನ್ನೊಂದು. ಯುನೆಸ್ಕೋದ ಅಂಕಿಅಂಶ ಸಂಸ್ಥೆಯ ಕೋಷ್ಟಕಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲುಗಳಿವೆ. ವರದಿ ಓದುವಾಗ ಯಾವ ಸಾಲಿನ ಅಂಕಿ ಎಂದು ನೋಡದೆ ಮುಂದೆ ಹೋಗಬಾರದು.

ಈ ಕೋಲೂ ಒಂದೇ ಉದ್ದಕ್ಕೆ ನಿಂತಿಲ್ಲ. ಬಿ.ಎಡ್. ಮಾಡಿದವರು ಐದನೆಯ ತರಗತಿಯವರೆಗೂ ಕಲಿಸಬಹುದೆಂದು 2018ರಲ್ಲಿ ಅಧಿಸೂಚನೆ ಬಂತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಕರ್ನಾಟಕದಲ್ಲಿ ಟಿಇಟಿ ಮೊದಲ ಬಾರಿಗೆ ನಡೆದದ್ದು 2014ರಲ್ಲಿ. ಅದಕ್ಕಿಂತ ಮುಂಚೆ ಕೆಲಸಕ್ಕೆ ಸೇರಿದವರು ಆ ಪರೀಕ್ಷೆ ಬರೆಯುವ ಪ್ರಶ್ನೆಯೇ ಇರಲಿಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವಿರುವ ಸೇವಾನಿರತ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ತೀರ್ಪು ಕೊಟ್ಟಿತು. ಇಪ್ಪತ್ತು ವರ್ಷ ಪಾಠ ಹೇಳಿದವರ ಮನೆಯಲ್ಲೂ ಈಗ ಮಕ್ಕಳ ಪುಸ್ತಕದ ಪಕ್ಕದಲ್ಲಿ ಟಿಇಟಿ ಗೈಡು ಕಾಣಬಹುದು. ಮಾಸ್ತರರು ಅವರೇ, ಸಾಲಿಯೂ ಅದೇ, ಅರ್ಹತೆಯ ಲೆಕ್ಕ ಮಾತ್ರ ಬದಲಾಯಿತು.

ಇನ್ನು ಭಾಗಾಕಾರದ ಮಾತು. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಕೂತರೆ ಒಳ್ಳೆಯದು. ಒಂದು ಕ್ಲಸ್ಟರ್ ಇದೆ ಎಂದುಕೊಳ್ಳಿ. ಇದು ಲೆಕ್ಕಕ್ಕಾಗಿ ಮಾಡಿಕೊಂಡದ್ದು, ಯಾವ ನಿಜವಾದ ಊರಿನದೂ ಅಲ್ಲ. ಅಲ್ಲಿ ಮಂಜೂರಾದ ಹುದ್ದೆ 50. ಕಾಯಂ ಶಿಕ್ಷಕರು 40, ಎಲ್ಲರೂ ತರಬೇತಿ ಆದವರು. ಖಾಲಿಯಿರುವ 10 ಹುದ್ದೆಗಳಿಗೆ ಅತಿಥಿ ಶಿಕ್ಷಕರು ಬಂದಿದ್ದಾರೆ, ಅವರಲ್ಲಿ ತರಬೇತಿ ಆದವರು 4. ಕಾಯಂ ಶಿಕ್ಷಕರನ್ನಷ್ಟೇ ಎಣಿಸಿದರೆ 40ಕ್ಕೆ 40, ನೂರಕ್ಕೆ ನೂರು. ತರಗತಿಯಲ್ಲಿ ನಿಂತವರನ್ನೆಲ್ಲ ಎಣಿಸಿದರೆ 50ಕ್ಕೆ 44, ಅಂದರೆ ಶೇ. 88. ಅತಿಥಿ ಶಿಕ್ಷಕರು ಇನ್ನೂ ಬಾರದ ಜೂನ್ ತಿಂಗಳಲ್ಲಿ ಹುದ್ದೆಗಳ ಮೇಲೆ ಭಾಗಿಸಿದರೆ ಶೇ. 80. ಟಿಇಟಿ ಪಾಸಾದವರು ಎಲ್ಲ ಸೇರಿ 20 ಮಂದಿ ಇದ್ದರೆ, 50ಕ್ಕೆ ಶೇ. 40. ನಾಲ್ಕೂ ಅಂಕಿಗಳಲ್ಲಿ ಸುಳ್ಳು ಯಾವುದೂ ಇಲ್ಲ!

ಮಕ್ಕಳ ಕಡೆಯಿಂದ ಎಣಿಸಿದರೆ ಮತ್ತೊಂದು ಉತ್ತರ ಬರುತ್ತದೆ. ಒಂದು ಶಾಲೆಯಲ್ಲಿ ತರಬೇತಿಯಾದ 8 ಶಿಕ್ಷಕರು, 120 ಮಕ್ಕಳು. ಇನ್ನೊಂದರಲ್ಲಿ ತರಬೇತಿಯಿಲ್ಲದ 2 ಶಿಕ್ಷಕರು, 60 ಮಕ್ಕಳು. ಶಿಕ್ಷಕರ ಲೆಕ್ಕದಲ್ಲಿ ಹತ್ತಕ್ಕೆ ಎಂಟು, ಶೇ. 80. ಆದರೆ ಅರ್ಹ ಶಿಕ್ಷಕರ ಮುಂದೆ ಕೂತ ಮಕ್ಕಳು 180ಕ್ಕೆ 120, ಸುಮಾರು ಶೇ. 67 ಮಾತ್ರ. ತಾಲ್ಲೂಕಿನ ಸರಾಸರಿ ಹೇಳುವಾಗ ಎರಡನೆಯ ಶಾಲೆ ಮೊದಲನೆಯದರ ನೆರಳಿನಲ್ಲಿ ಮರೆಯಾಗುತ್ತದೆ. ಬಸ್ಸು ಸಲೀಸಾಗಿ ಸಿಗುವ ರಸ್ತೆ ಬದಿಯ ಸಾಲಿಗೂ ಕಲಘಟಗಿಯ ಕಾಡಂಚಿನ ಸಾಲಿಗೂ ಇರುವ ಅಂತರ ಸರಾಸರಿಯಲ್ಲಿ ಕಾಣುವುದಿಲ್ಲ.

ಈ ವಿವರಗಳೆಲ್ಲ ಸಂಗ್ರಹವಾಗುವುದು ಯು-ಡೈಸ್ ಎಂಬ ವ್ಯವಸ್ಥೆಯಲ್ಲಿ. 1990ರ ದಶಕದ ಮಧ್ಯದಲ್ಲಿ ಡೈಸ್ ಎಂಬ ಹೆಸರಿನಿಂದ ಆರಂಭವಾದದ್ದು ಇದು. ಪ್ರತಿ ಶಾಲೆಗೂ 11 ಅಂಕೆಯ ಸಂಕೇತ. ಕರ್ನಾಟಕದ್ದು 29ರಿಂದ ಶುರು. ಶಿಕ್ಷಕರ ಓದು, ತರಬೇತಿ, ನೇಮಕದ ಬಗೆ, ಕಲಿಸುವ ವಿಷಯ ಎಲ್ಲಕ್ಕೂ ಅಲ್ಲಿ ಕಾಲಂ ಉಂಟು. ಆದರೆ ನಿಯೋಜನೆಯ ಮೇಲೆ ಬೇರೆ ಕಡೆ ಹೋದವರ ಹೆಸರು ಹಾಜರಿ ಪುಸ್ತಕದಲ್ಲಿ ಒಂದು ಊರಲ್ಲಿ, ಅವರ ಸೀಮೆಸುಣ್ಣ ಇನ್ನೊಂದು ಊರಲ್ಲಿ. ಶಾಲೆಗೆ ನೇಮಕವಾದವರನ್ನು ಮತ್ತೊಂದು ಶಾಲೆಗೋ ಕಚೇರಿಗೋ ಕಳಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 25ನೆಯ ಕಲಮಿನಲ್ಲಿದೆ. ಕಾಯ್ದೆಯ ಕಲಮುಗಳನ್ನು ಓದುವವರು ಕಡಿಮೆ.

ಎಲ್ಲಕ್ಕಿಂತ ದೊಡ್ಡ ತೊಡಕು ವಿಷಯದ್ದು. ನಮ್ಮ ಪ್ರೌಢಶಾಲೆಗಳಲ್ಲಿ ಪಿ.ಸಿ.ಎಂ. ಶಿಕ್ಷಕರು ಬೇರೆ, ಸಿ.ಬಿ.ಝಡ್. ಶಿಕ್ಷಕರು ಬೇರೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಬಿ.ಎಸ್ಸಿ., ಬಿ.ಎಡ್. ಶಿಕ್ಷಕಿ ಜೀವಕೋಶದ ಚಿತ್ರ ಬರೆದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಗಣಿತದ ಹುದ್ದೆ ಖಾಲಿ ಬಿದ್ದಾಗ ಅದೇ ಅಕ್ಕಾವ್ರು ಹತ್ತನೆಯ ತರಗತಿಗೆ ತ್ರಿಕೋನಮಿತಿ ಹೇಳಬೇಕಾಗುತ್ತದೆ. ರಾತ್ರಿ ತಾವು ಓದಿಕೊಂಡು ಬೆಳಿಗ್ಗೆ ಹೇಳುತ್ತಾರೆ. ಅಂಕಿಅಂಶದಲ್ಲಿ ಅವರು ಆಗಲೂ ಅರ್ಹರು, ಈಗಲೂ ಅರ್ಹರು. ಆರರಿಂದ ಎಂಟನೆಯ ತರಗತಿಗೆ ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆ ಇವುಗಳಿಗೆ ತಲಾ ಒಬ್ಬ ಶಿಕ್ಷಕರಾದರೂ ಇರಬೇಕೆಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಒಟ್ಟು ಶೇಕಡಾವಾರು ಅಂಕಿ ಇದನ್ನು ಹೇಳುವುದಿಲ್ಲ.

ದೇಶ ದೇಶಗಳನ್ನು ಹೋಲಿಸುವಾಗಲೂ ಇದೇ ಕಥೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಅರ್ಹ ಶಿಕ್ಷಕರ ಪ್ರಮಾಣವೂ ಒಂದು ಅಳತೆ. ಕನಿಷ್ಠ ಅರ್ಹತೆ ಏನೆಂಬುದನ್ನು ಮಾತ್ರ ಆಯಾ ದೇಶವೇ ಗೊತ್ತುಮಾಡುತ್ತದೆ. ಫಿನ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕು. ನಮ್ಮಲ್ಲಿ ಪಿಯುಸಿ ಮತ್ತು ಡಿಪ್ಲೊಮಾ ಸಾಕು. ಎರಡೂ ಕಡೆ ಶೇ. 90 ಎಂದು ಬಂದರೆ ಅದು ಒಂದೇ 90 ಅಲ್ಲ. 2024-25ರ ಯು-ಡೈಸ್ ಪ್ರಕಾರ ಭಾರತದ ಶಿಕ್ಷಕರ ಸಂಖ್ಯೆ ಮೊದಲ ಬಾರಿಗೆ ಒಂದು ಕೋಟಿ ದಾಟಿತು. ಅದೇ ವರ್ಷ ಏಕೋಪಾಧ್ಯಾಯ ಶಾಲೆಗಳು 1,04,125 ಇದ್ದವು. ಅಂಥ ಶಾಲೆಯ ಒಬ್ಬರೇ ಮಾಸ್ತರರಿಗೆ ತರಬೇತಿ ಆಗಿದ್ದರೆ ಆ ಶಾಲೆಯ ಅಂಕಿ ನೂರಕ್ಕೆ ನೂರು. ಅವರು ಮೀಟಿಂಗಿಗೆ ಹೋದ ದಿನ?

ಹಾಗಾದರೆ ಪಾಲಕರು ಏನನ್ನು ನೋಡಬೇಕು? ಶಾಲೆಯ ಯು-ಡೈಸ್ ಸಂಕೇತ ಮುಖ್ಯಾಧ್ಯಾಪಕರ ಬಳಿ ಇರುತ್ತದೆ. ಅದನ್ನು ಹಾಕಿ ಶಾಲಾ ವರದಿಪತ್ರವನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ತೆಗೆದು ನೋಡಬಹುದು. ಎಸ್.ಡಿ.ಎಂ.ಸಿ. ಸಭೆಗೆ ಹೋಗುವಾಗ ಅದರ ಜೊತೆ ಮಗಳ ವೇಳಾಪಟ್ಟಿಯನ್ನೂ ಒಯ್ಯಬೇಕು. ಎರಡನ್ನೂ ಮೇಜಿನ ಮೇಲಿಟ್ಟು, ವಾರದ ಒಂದೊಂದು ಗಣಿತದ ಪಿರಿಯಡ್ಡಿಗೂ ಯಾರು ಬರುತ್ತಾರೆ, ಅವರು ಪದವಿಯಲ್ಲಿ ಓದಿದ ವಿಷಯ ಯಾವುದು, ಅವರು ಮಾರ್ಚ್‌ವರೆಗೂ ಇಲ್ಲೇ ಇರುತ್ತಾರೆಯೇ ಎಂದು ಕೇಳಬೇಕು. ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಸಹಿ ಮಾಡಿ ಬರಬೇಕು.